ಮೂವತ್ತೆಂಟು ಬೆಳಗಿನ ಬಣ್ಣ

ಸಾಗರದಲ್ಲಿ ನಮ್ಮ ಮನೆ ಪಕ್ಕದ ಮರದ ಮಿಲ್ಲಿನ ಮಾಲೀಕರ ಹತ್ತಿರ ನಾನು ಜಗಳಕ್ಕೆ ಹೋದದ್ದು ಆ ಬೀದಿಯ ಹಳಬರಿಗೆ ಇನ್ನೂ ನೆನಪಿದೆ. ಕಾಲೇಜಿನ ಲೆಕ್ಚರರ್ ಒಬ್ಬ ಬಟ್ಟಲಲ್ಲಿ ನೀರು ಹಿಡಿದುಕೊಂಡು ಹೋಗಿ, ‘ನೋಡ್ರಿ, ನಿಮ್ಮ ಗರಗಸ ಓಡ್ದಾಗೆಲ್ಲ ಈ ನೀರು ಹೆಂಗೆ ನಡುಗ್ತದೆ’ ಎಂದು ಕೂಗಾಡಿದರೆ ಯಾರು ತಾನೇ ಮರೆಯುತ್ತಾರೆ? ಮಾಲೀಕರು ಒಳ್ಳೆಯವರು. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಮೇಜಿನ ಮೇಲಿಟ್ಟರು. ನೀರು ನಿಂತುಬಿಟ್ಟಿತು. ಗರಗಸ ಓಡುತ್ತಲೇ ಇತ್ತು. ನಡುಗುತ್ತಿದ್ದದ್ದು ನನ್ನ ಕೈ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನೇನೂ ಮುಚ್ಚಿಡುವುದಿಲ್ಲ. ಆದರೆ ಆ ಎರಡು ತಿಂಗಳು ಸಿಟ್ಟಿಗಿಂತ ಹೆಚ್ಚಾಗಿ ನನ್ನನ್ನು ಆಡಿಸಿದ್ದು ಗೊಂದಲ. ಏನು ನಡೆಯುತ್ತಿದೆ ಎಂದು ತಿಳಿಯದೆ ಇರುವುದು ನನ್ನಂಥವನಿಗೆ ಹಲ್ಲುನೋವಿಗಿಂತ ಕಷ್ಟ. ಅದಕ್ಕೆಲ್ಲ ಕಾರಣ ಒಂದು ಗಾಜಿನ ಕೊಳವೆ. ನನ್ನ ಕಿರುಬೆರಳಿಗಿಂತ ತುಸು ದಪ್ಪ, ಒಂದು ಗೇಣು ಉದ್ದ, ಎರಡೂ ಕಡೆ ಬೆಂಕಿಯಲ್ಲಿ ಕರಗಿಸಿ ಮುಚ್ಚಿದ್ದು.

ಆಗ 1982ರ ಕೊನೆ. ನನಗೆ ಮೂವತ್ತು ವರ್ಷ. ಬೆಂಗಳೂರಿನಲ್ಲಿ ಮೂರು ವರ್ಷ ಸಂಶೋಧನೆ ಮಾಡಿ, ರಜೆ ಮುಗಿದ ಮೇಲೆ ಸಾಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಲು ಮರಳಿ ಬಂದಿದ್ದೆ. ಮನೆಯಲ್ಲಿ ನಾನು ಮತ್ತು ನನ್ನ ಅಮ್ಮ ದುಗ್ಗಮ್ಮ, ಇಬ್ಬರೇ. ಥೀಸಿಸ್ ಬಹುಪಾಲು ಮುಗಿದಿತ್ತು. ಬಾಕಿ ಇದ್ದದ್ದು ಒಂದೇ ಒಂದು ಕೋಷ್ಟಕ.

ಆ ಕೊಳವೆಯೊಳಗೆ ಇದ್ದದ್ದು ಶುದ್ಧ ನೀರು ಮತ್ತು ಪ್ಲಾಸ್ಟಿಕ್ ಗುಂಡುಗಳು. ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟೇ ದಪ್ಪದವು. ಈಗಿನ ಹುಡುಗರು ಇಂಥದ್ದಕ್ಕೆಲ್ಲ ನ್ಯಾನೋ ಎಂದು ಹೆಸರಿಟ್ಟು ಮೆರೆಯುತ್ತಾರೆ, ನಾವು ಕೊಲಾಯ್ಡ್ ಎನ್ನುತ್ತಿದ್ದೆವು. ಎಲ್ಲ ಗುಂಡುಗಳ ಮೇಲೂ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದಕ್ಕೆ ಇನ್ನೊಂದರ ಹತ್ತಿರ ಬರಲು ಇಷ್ಟವಿಲ್ಲ. ಪಕ್ಕದ್ದರಿಂದ ಆದಷ್ಟು ದೂರ ಸರಿಯುತ್ತ ಸರಿಯುತ್ತ ಕೊನೆಗೆ ಎಲ್ಲವೂ ಸಮಾನ ಅಂತರದಲ್ಲಿ ಸಾಲು ಸಾಲಾಗಿ ನಿಂತುಬಿಡುತ್ತವೆ. ಯಾರೂ ನಿಲ್ಲಿಸುವುದು ಬೇಡ. ಹಾಗೆ ನಿಂತ ಸಾಲುಗಳ ಮೇಲೆ ಬೆಳಕು ಬಿದ್ದರೆ ಬಣ್ಣ ಹುಟ್ಟುತ್ತದೆ: ಒಂದು ಕಡೆ ಹಸಿರಿನ ತುಂಡು, ಒಂದು ಕಡೆ ಕೆಂಪು, ನಡುವೆ ನೀಲಿಯ ಚೂರು. ನೀರಿಗೆ ಒಂದು ತೊಟ್ಟು ಬಣ್ಣವನ್ನೂ ಹಾಕಿರುವುದಿಲ್ಲ. ಬಿಸಿ ಮಾಡಿದರೆ ಗುಂಡುಗಳ ಓಡಾಟ ಹೆಚ್ಚಿ ಸಾಲು ಮುರಿದು ಎಲ್ಲ ಬೆಳ್ಳಗಾಗುತ್ತದೆ, ನೀರು ಬೆರೆಸಿದ ಹಾಲಿನ ಹಾಗೆ. ತಣ್ಣಗೆ ಮಾಡಿ ಸುಮ್ಮನೆ ಬಿಟ್ಟರೆ ಐದಾರು ಗಂಟೆಯಲ್ಲಿ ಬಣ್ಣ ಮರಳುತ್ತದೆ.

ನನ್ನ ಗೈಡ್ ಡಾಕ್ಟರ್ ಉಮಾಮಹೇಶ್ವರ ಕೇಳಿದ್ದ ಪ್ರಶ್ನೆ ಇಷ್ಟೆ. ಒಂದೇ ಕೊಳವೆಯನ್ನು ಮತ್ತೆ ಮತ್ತೆ ಕಾಸಿ ಆರಿಸಿದರೂ ಅದು ಅದೇ ಉಷ್ಣತೆಯಲ್ಲೇ ಕರಗುತ್ತದೆಯೋ, ಅಥವಾ ಸುಸ್ತಾಗಿ ಮೊದಲೇ ಕರಗುತ್ತದೆಯೋ? ‘ನಲವತ್ತು ಸಲ ಮಾಡಿ ತೋರಿಸಿ ವಾಸಪ್ಪ. ಆ ಕೋಷ್ಟಕ ಇಲ್ಲದೆ ನಾನು ಸಹಿ ಹಾಕೋದಿಲ್ಲ’ ಎಂದಿದ್ದರು. ನನ್ನ ನೋಂದಣಿಯ ಅವಧಿ ಮುಗಿಯುವುದು ಮಾರ್ಚ್ ಕೊನೆಗೆ. ಅಷ್ಟರಲ್ಲಿ ಸಹಿ ಆಗದಿದ್ದರೆ ಮೂರು ವರ್ಷದ ಕೆಲಸ ನೀರಿಗೆ ಹೋದಂತೆಯೇ.

ಅಮ್ಮನೂ ಆ ಥೀಸಿಸ್ಸಿಗೆ ಕಾಯುತ್ತಿದ್ದಳು. ಅದಕ್ಕೆ ಬೇರೆ ಕಾರಣ ಇತ್ತು.

ನಮ್ಮೂರು ಇದ್ದದ್ದು ಹೊಸನಗರದ ಕಡೆ, ಶರಾವತಿಯ ದಂಡೆಯಲ್ಲಿ. ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದಾಗ ನನಗೆ ಹತ್ತು ವರ್ಷ. ಸರ್ಕಾರದ ಲಾರಿಯಲ್ಲಿ ನಮ್ಮನ್ನು, ಎರಡು ಎಮ್ಮೆಯನ್ನು, ಬಾಗಿಲು ಕಿಟಕಿಗಳನ್ನು ತಂದು ತೀರ್ಥಹಳ್ಳಿಯ ಆಚೆ ಒಂದು ಕಾಡಿನಲ್ಲಿ ಇಳಿಸಿದರು. ಪಕ್ಕದ ಮನೆಯವರು ಶಿಕಾರಿಪುರದ ಕಡೆ ಹೋದರು. ಎದುರು ಮನೆಯವರು ಎಲ್ಲಿಗೆ ಹೋದರೆಂದು ಇವತ್ತಿಗೂ ಗೊತ್ತಿಲ್ಲ. ಅಪ್ಪ ಆ ಕಾಡಿನಲ್ಲೇ ಜ್ವರ ಬಂದು ತೀರಿಕೊಂಡ. ನನಗೆ ಕೆಲಸ ಸಿಕ್ಕ ಮೇಲೆ ಅಮ್ಮನನ್ನು ಸಾಗರದ ಬಾಡಿಗೆ ಮನೆಗೆ ಕರೆತಂದೆ. ಈ ನಡುವೆ ಅಮ್ಮನ ತಮ್ಮ ಹೂವಪ್ಪ, ಇನ್ನೂ ನಾಲ್ಕು ಮನೆಯವರ ಜೊತೆ ವಾಪಸ್ ಹೋಗಿ ಹಿನ್ನೀರಿನ ದಂಡೆಯಲ್ಲಿ ಗುಡಿಸಲು ಹಾಕಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಮನೆಯ ಅಡಿಪಾಯ, ಬಾವಿಯ ಕಟ್ಟೆ, ಎಲ್ಲ ಮೇಲೇಳುತ್ತವಂತೆ. ಅಕ್ಕ ಬಂದುಬಿಡಲಿ, ಒಂದು ಗುಡಿಸಲು ಹಾಕಿಕೊಡುತ್ತೇನೆ ಎಂದು ವರ್ಷ ವರ್ಷ ಹೇಳಿ ಕಳಿಸುತ್ತಿದ್ದ.

‘ಹೋಗ್ಬಿಡಾಣ ಮಗ. ಊರೋರೆಲ್ಲ ಒಬ್ಬೊಬ್ರೇ ಬತ್ತಾರೆ’ ಎನ್ನುತ್ತಿದ್ದಳು ಅಮ್ಮ.

‘ಥೀಸಿಸ್ ಮುಗೀಲಿ ಅಮ್ಮ’ ಎನ್ನುತ್ತಿದ್ದೆ ನಾನು. ಥೀಸಿಸ್ ಎಂದರೇನೆಂದು ಅವಳಿಗೆ ತಿಳಿಯದು. ಅದು ಮುಗಿಯಬೇಕಾದ ಒಂದು ವಸ್ತು ಎಂದು ಮಾತ್ರ ತಿಳಿದಿತ್ತು. ಸತ್ಯ ಹೇಳಬೇಕೆಂದರೆ ನನಗೆ ಹೋಗುವ ಮನಸ್ಸಿರಲಿಲ್ಲ. ಒಡೆದ ಪಾಯ ಮತ್ತು ಕೆಸರು ನೋಡಲು ಯಾಕೆ ಹೋಗಬೇಕು?

ಡಿಸೆಂಬರಿನ ಮೊದಲ ಶನಿವಾರ ಕೊಳವೆಯನ್ನು ಮನೆಗೆ ತಂದೆ. ಕಾಲೇಜಿನ ಲ್ಯಾಬಿನಲ್ಲಿ ಇಡುವಂತಿರಲಿಲ್ಲ. ನೀರು ಕಾಸುವ ಉಪಕರಣ ಸುಟ್ಟುಹೋಗಿತ್ತು, ಜೊತೆಗೆ ಅಟೆಂಡರ್ ಸುಬ್ಬಪ್ಪ ‘ಎಂತ ಸಾರ್ ಇದು, ಚಂದ ಐತೆ’ ಎಂದು ದಿನಕ್ಕೆ ನಾಲ್ಕು ಸಲ ಅದನ್ನು ಅಲ್ಲಾಡಿಸಿ ನೋಡುತ್ತಿದ್ದ. ಮನೆಯಲ್ಲಾದರೆ ದಿನಾ ಸಂಜೆ ಒಂದು ಸಲ ನಾನೇ ಕಾಸಿ ಓದಿಕೊಳ್ಳಬಹುದು, ರಾತ್ರಿಯಿಡೀ ಆರಿ ಬೆಳಿಗ್ಗೆ ಬಣ್ಣ ಬಂದಿರುತ್ತದೆ ಎಂದು ಲೆಕ್ಕ ಹಾಕಿದೆ. ಹಳೆಯ ಶೇವಿಂಗ್ ಡಬ್ಬಿಗೆ ಹತ್ತಿ ತುಂಬಿ ಅದರಲ್ಲಿ ಮಲಗಿಸಿದೆ.

ಅಮ್ಮ ಬಗ್ಗಿ ನೋಡಿದಳು. ‘ಎಂತ ಮಗ ಅದು?’

‘ಬೀಜ ಇದ್ದಂಗೆ ಅಂತ ತಿಳ್ಕ. ಕಣ್ಣಿಗೆ ಕಾಣದಷ್ಟು ಸಣ್ಣ ಬೀಜ, ಕೋಟಿಗಟ್ಲೆ ಐದಾವೆ ಒಳಗೆ. ಮಾರ್ಚ್ ತನಕ ಕೆಡಬಾರ್ದು. ಕೆಟ್ರೆ ನನ್ ಕತೆ ಮುಗೀತು.’

ಮರುದಿನ ಭಾನುವಾರ. ಪಾತ್ರೆಯ ನೀರಿನಲ್ಲಿ ಕೊಳವೆ ಮುಳುಗಿಸಿ, ಥರ್ಮಾಮೀಟರ್ ತೂಗುಬಿಟ್ಟು, ಸೀಮೆಎಣ್ಣೆ ಸ್ಟೋವಿನ ಉರಿಯನ್ನು ಏರಿಸಿ ಇಳಿಸಿ ಬಹಳ ನಿಧಾನವಾಗಿ ಕಾಸಿದೆ. ಸರಿಯಾಗಿ ನಲವತ್ತೊಂದು ಡಿಗ್ರಿಗೆ ಬಣ್ಣ ಹೊರಟುಹೋಯಿತು. ಅಮ್ಮ ಪಕ್ಕದಲ್ಲೇ ಕೂತು ಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

‘ಹೋಯ್ತಲ್ಲ!’

‘ಬಿಸಿಗೆ ಚದುರಿದ್ವು ಅಮ್ಮ. ತಣ್ಣಗಾದ್ರೆ ವಾಪಸ್ ಬತ್ತವೆ.’

‘ಅವೇಯಾ?’

‘ಅವೇ. ಮತ್ಯಾವು ಬತ್ತವೆ?’

‘ಅದೇ ಜಾಗಕ್ಕಾ?’

ನಾನು ಅಂಕಿ ಬರೆದುಕೊಳ್ಳುತ್ತಿದ್ದೆ. ಹೀಗೆ ಮಧ್ಯೆ ಮಾತಾಡಿಸಿದರೆ ನನಗೆ ಆಗುವುದಿಲ್ಲ. ‘ಹೂಂ ಮಾರಾಯ್ತಿ, ಅದೇ ಜಾಗಕ್ಕೆ’ ಎಂದುಬಿಟ್ಟೆ.

ಸೋಮವಾರದಿಂದ ಗ್ರಹಚಾರ ಶುರುವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಬಣ್ಣ ಬಂದಿತ್ತು. ‘ಬಣ್ಣ ಇದೆ’ ಎಂದು ಪುಸ್ತಕದಲ್ಲಿ ಬರೆದು ಕಾಲೇಜಿಗೆ ಹೋದೆ. ಸಂಜೆ ಐದಕ್ಕೆ ಬಂದು ಡಬ್ಬಿ ತೆಗೆದರೆ ಕೊಳವೆ ಬೆಳ್ಳಗಿತ್ತು. ಕೋಣೆಯ ಉಷ್ಣತೆ ಇಪ್ಪತ್ತಮೂರು. ಇಪ್ಪತ್ತಮೂರರಲ್ಲಿ ಕರಗುವ ವಸ್ತುವಲ್ಲ ಅದು. ಇಲ್ಲದ ಬಣ್ಣವನ್ನು ಮತ್ತೇನು ಕರಗಿಸಿ ಓದುವುದು? ಸುಮ್ಮನಾದೆ. ಮಂಗಳವಾರ ಬೆಳಿಗ್ಗೆ ಬಣ್ಣ ಇತ್ತು, ಸಂಜೆ ಇಲ್ಲ. ಬುಧವಾರವೂ ಹಾಗೆಯೇ. ಶನಿವಾರದವರೆಗೆ ಹೀಗೇ ಆಡಿಸಿತು. ಭಾನುವಾರ ಮಾತ್ರ ಬೆಳಿಗ್ಗೆ ಇದ್ದ ಬಣ್ಣ ಮಧ್ಯಾಹ್ನವೂ ಇತ್ತು, ಕಾಸಿದರೆ ಮರ್ಯಾದೆಯಿಂದ ನಲವತ್ತೊಂದಕ್ಕೇ ಹೋಯಿತು.

ವಾರದ ದಿನ ಒಂದು ನಡತೆ, ಭಾನುವಾರ ಒಂದು ನಡತೆ. ಪ್ಲಾಸ್ಟಿಕ್ ಗುಂಡಿಗೆ ಭಾನುವಾರ ಎಂದು ಹೇಳಿಕೊಟ್ಟವರು ಯಾರು? ಕಿಟಕಿಯ ಬಿಸಿಲು ಬೀಳುತ್ತದೆಯೇನೋ ಎಂದು ಡಬ್ಬಿಯನ್ನು ಟ್ರಂಕಿನ ಹಿಂದೆ ಇಟ್ಟೆ. ಏನೂ ಬದಲಾಗಲಿಲ್ಲ. ಗಾಜು ಎಲ್ಲೋ ಸೀಳಿದೆಯೇನೋ ಎಂದು ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದೆ. ಸೀಳಿರಲಿಲ್ಲ, ಮೂಗಿಗೆ ಸ್ವಲ್ಪ ಹೊಗೆಯ ವಾಸನೆ ಬಂತು. ನಮ್ಮ ಮನೆಯಲ್ಲಿ ನನ್ನ ಅಂಗಿಗೂ ಪುಸ್ತಕಕ್ಕೂ ಅದೇ ವಾಸನೆ. ಅಮ್ಮ ಸೌದೆ ಒಲೆ ಬಿಟ್ಟು ಬೇರೆಯದನ್ನು ಒಪ್ಪಿದವಳಲ್ಲ.

‘ಅಮ್ಮ, ನಾನಿಲ್ದಾಗ ಈ ಡಬ್ಬಿ ಯಾರಾದ್ರೂ ಅಲ್ಲಾಡಿಸಿದ್ರಾ?’

‘ಯಾರೂ ಅಲ್ಲಾಡ್ಸಿಲ್ಲ ಮಗ.’

ಆಗಲೇ ನನಗೆ ಮರದ ಮಿಲ್ಲು ಹೊಳೆದದ್ದು. ಮಿಲ್ಲಿಗೆ ಭಾನುವಾರ ರಜೆ! ಗರಗಸದ ಅದುರಿಗೆ ಸಾಲುಗಳು ಮುರಿಯುತ್ತಿವೆ, ಸರಿ, ಕಳ್ಳ ಸಿಕ್ಕಿಬಿದ್ದ ಎಂದು ಬಟ್ಟಲು ಹಿಡಿದು ಹೊರಟೆ. ಅಲ್ಲಿ ಆದ ಮಾನಭಂಗ ಹೇಳಿದ್ದಾಗಿದೆ. ಆದರೂ ಮನಸ್ಸಿನೊಳಗೆ ಆ ಸಿದ್ಧಾಂತವನ್ನು ಬಿಟ್ಟಿರಲಿಲ್ಲ. ಅದನ್ನು ಬಿಡಿಸಿದ್ದು ಜ್ವರ. ಜನವರಿ ಮೊದಲ ವಾರ ಮೂರು ದಿನ ಹಾಸಿಗೆ ಹಿಡಿದೆ. ಮೂರೂ ವಾರದ ದಿನಗಳೇ. ಗರಗಸ ಬೆಳಗಿಂದ ಸಂಜೆಯವರೆಗೆ ತಲೆ ಸೀಳುವ ಹಾಗೆ ಕಿರುಚುತ್ತಿತ್ತು. ಕೊಳವೆಯಲ್ಲಿ ಬಣ್ಣ ಕದಲಲಿಲ್ಲ.

ಜ್ವರದ ತಲೆಗೆ ಇನ್ನೊಂದು ವಿಷಯ ಹೊಕ್ಕಿತು. ಭಾನುವಾರ ನಾನು ಮನೆಯಲ್ಲಿರುತ್ತೇನೆ. ಜ್ವರದಲ್ಲೂ ಮನೆಯಲ್ಲಿದ್ದೆ. ಸಂಕ್ರಾಂತಿಯ ರಜೆ ಬಂತು, ಆ ದಿನವೂ ಬಣ್ಣ ಇತ್ತು. ಎಂದರೆ ನೋಡುವವನು ಹತ್ತಿರ ಇದ್ದರೆ ಸಾಲು ನಿಲ್ಲುತ್ತದೆ, ಇಲ್ಲದಿದ್ದರೆ ಚದುರುತ್ತದೆ. ಪರಮಾಣುವಿನ ಮಟ್ಟದಲ್ಲಿ ನೋಡುವವನಿಂದಲೇ ಫಲಿತಾಂಶ ಬದಲಾಗುತ್ತದೆ ಎಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆನಲ್ಲ. ಹೆದರಿಕೆಯೂ ಆಯಿತು, ಆಸೆಯೂ ಆಯಿತು. ನನಗೇ ಅರ್ಥವಾಗದ ಏಳು ಪುಟದ ಕಾಗದ ಬರೆದು ಗೈಡಿಗೆ ಹಾಕಿದೆ. ಹಾಕಿದ ಮೇಲೆ ಪೋಸ್ಟ್ ಡಬ್ಬಿಯ ಮುಂದೆ ನಿಂತು, ವಾಪಸ್ ತೆಗೆಯಲು ಆಗುತ್ತದೆಯೇ ಎಂದು ಯೋಚಿಸಿದ್ದೂ ಉಂಟು.

ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂಬುದು ಆ ಏಳು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಉತ್ತರ ಎರಡು ಸಾಲು ಬಂತು. ಮನೆಯವರ ಜೊತೆ ಸಿಗಂದೂರಿಗೆ ಬರುತ್ತಿದ್ದೇನೆ, ಇಪ್ಪತ್ತೈದನೇ ತಾರೀಕು ಮಂಗಳವಾರ ನಿಮ್ಮ ಮನೆಗೆ ಬಂದು ಕಣ್ಣಾರೆ ನೋಡುತ್ತೇನೆ ಎಂದು.

ಅವತ್ತು ಕಾಲೇಜಿಗೆ ರಜೆ ಹಾಕಿದೆ. ಮನೆಯವರನ್ನು ಹಿನ್ನೀರು ದಾಟಿಸುವ ಲಾಂಚಿಗೆ ಹತ್ತಿಸಿ, ಹನ್ನೊಂದು ಗಂಟೆಗೆ ಉಮಾಮಹೇಶ್ವರ ಒಬ್ಬರೇ ಬಂದರು. ಕುರ್ಚಿ ಹಾಕಿ, ಡಬ್ಬಿಯ ಮುಚ್ಚಳ ತೆಗೆದು ಎದುರಿಗೆ ಇಟ್ಟೆ. ಬಣ್ಣ ಇತ್ತು. ‘ಸಂಜೆ ಹೊತ್ತಿಗೆ ಹೋಗತ್ತೆ ಸರ್’ ಎಂದೆ. ನೋಡುವವರು ಎದುರಿಗಿದ್ದರೆ ಹೋಗುವುದಿಲ್ಲ ಎಂದು ನಾನೇ ಬರೆದಿದ್ದೆ ಎಂಬುದು ಆಮೇಲೆ ನೆನಪಾಯಿತು. ಹಾಗಾಗಿ ಇಬ್ಬರೂ ಎದ್ದು ಜಗುಲಿಯಲ್ಲಿ ಕೂತೆವು, ನೋಡಬಾರದೆಂದು. ಗಂಟೆಗೊಮ್ಮೆ ಒಳಗೆ ಹೋಗಿ ನೋಡುವುದು, ಬರುವುದು. ಒಂದು ಗಂಟೆಗೆ ಬಣ್ಣ ಇತ್ತು. ಮೂರಕ್ಕೆ ಇತ್ತು. ಐದಕ್ಕೂ ಕುಲುಕುಲು ನಗುತ್ತಿರುವ ಹಾಗೆ ಹಸಿರು ಹೊಳೆಯುತ್ತಿತ್ತು.

‘ಏನ್ರೀ ವಾಸಪ್ಪ ಇದು?’ ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ‘ರೀಡಿಂಗ್ ತೆಗೆಯೋಕೆ ಆಗ್ಲಿಲ್ಲ ಅಂತ ನೇರವಾಗಿ ಬರೀಬಹುದಿತ್ತಲ್ಲ? ಹೀಗೆಲ್ಲ ಕತೆ ಯಾಕೆ ಕಟ್ಟಬೇಕು? ಕೋಷ್ಟಕ ಇಲ್ದೆ ನಾನು ಸಹಿ ಹಾಕೋಕಾಗಲ್ಲ. ನಿಮಗೇ ಗೊತ್ತು.’

ನನ್ನ ಕಿವಿ ಬಿಸಿಯಾಯಿತು. ಸುಳ್ಳುಗಾರ ಎನ್ನಿಸಿಕೊಂಡದ್ದು ಅದೇ ಮೊದಲು, ಅದೂ ಸುಳ್ಳು ಹೇಳದೆ ಇದ್ದಾಗ. ಅಷ್ಟರಲ್ಲಿ ಅಮ್ಮ ಬೆಲ್ಲದ ಕಾಫಿ ತಂದಿಟ್ಟು, ನಮ್ಮಿಬ್ಬರ ಮುಖ ನೋಡಿದಳು.

‘ಎಂತಕ್ಕೆ ಸಪ್ಪಗೆ ಕೂತೀರಾ?’

‘ಬಣ್ಣ ಹೋಗ್ಲಿಲ್ಲ ಅಮ್ಮ’ ಎಂದೆ.

‘ಇವತ್ತು ಹೆಂಗೆ ಹೋಗ್ತದೆ? ಅಟ್ಟಕ್ಕೆ ಇಟ್ಟೇ ಇಲ್ವಲ್ಲ’ ಎಂದಳು ಅಮ್ಮ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೈಡಿಗೆ ಏನೂ ಅರ್ಥವಾಗಲಿಲ್ಲ. ಅಮ್ಮ ನಮ್ಮನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಒಲೆಯ ಮೇಲೆ, ಕೈಗೆಟಕುವ ಎತ್ತರದಲ್ಲಿ, ಬಿದಿರಿನ ಸಣ್ಣ ಅಟ್ಟ. ನಮ್ಮ ಕಡೆ ಬೀಜ ಇಡುವುದೇ ಅಲ್ಲಿ. ಒಲೆಯ ಕಾವು, ಹೊಗೆ ತಾಗುತ್ತಿದ್ದರೆ ಬೀಜಕ್ಕೆ ಹುಳ ಬೀಳುವುದಿಲ್ಲ, ಬೂಸಲು ಹಿಡಿಯುವುದಿಲ್ಲ. ಊರು ಬಿಟ್ಟಾಗ ಅಮ್ಮ ಸೆರಗಿಗೆ ಕಟ್ಟಿಕೊಂಡು ತಂದ ಸೌತೆ, ಹೀರೆ, ಅವರೆಯ ಬೀಜ ಇವತ್ತಿಗೂ ಆ ಅಟ್ಟದ ಮೇಲಿತ್ತು. ಪ್ರತಿ ವರ್ಷ ಹಿತ್ತಿಲಲ್ಲಿ ಒಂದೊಂದು ಬಳ್ಳಿ ಹಬ್ಬಿಸಿ ಬೀಜ ಹೊಸದು ಮಾಡಿಕೊಂಡು ಮತ್ತೆ ಮೇಲೆ ಕಟ್ಟುತ್ತಿದ್ದಳು. ಬಿತ್ತುವುದಕ್ಕೆ ಎಂದು ಇಟ್ಟದ್ದನ್ನು ಯಾವತ್ತೂ ಪೂರ್ತಿ ಬಿತ್ತಿರಲಿಲ್ಲ. ಅದು ಊರಿಗೆ ಎಂದು.

‘ನೀನೇ ಬೀಜ ಅಂದ್ಯಲ್ಲ’ ಎಂದಳು. ‘ಮಾರ್ಚ್ ತನಕ ಕೆಡಬಾರ್ದು ಅಂದೆ. ಬೀಜನ ಹಂಗೆ ತಣ್ಣಗೆ ಡಬ್ಬೀಲಿ ಇಟ್ರೆ ಉಳೀತದಾ? ನೀ ಕಾಲೇಜಿಗೆ ಹೋದ್ಮೇಲೆ ಬಟ್ಟೆ ಸುತ್ತಿ ಮೇಲಿಡ್ತಿದ್ದೆ. ನಾಕು ಗಂಟಿಗೆ ತೆಗ್ದು ಇದ್ದಂಗೇ ಇಡ್ತಿದ್ದೆ. ಅಲ್ಲಾಡ್ಸಿಲ್ಲಪ್ಪ, ತುಂಬಿದ ಕೊಡ ಹಿಡ್ದಂಗೆ ಹಿಡೀತಿದ್ದೆ.’

‘ಬಣ್ಣ ಹೋಗೋದು ಕಾಣ್ಲಿಲ್ವಾ ನಿಂಗೆ? ನನಗೊಂದು ಮಾತು ಹೇಳ್ಬಾರ್ದಾ?’ ನನ್ನ ದನಿ ಏರಿತು.

‘ಬಿಸಿಗೆ ಚದುರ್ತವೆ, ತಣಿದ್ರೆ ವಾಪಸ್ ಬತ್ತವೆ ಅಂತ ನೀನೇ ಹೇಳಿದ್ದೆ. ಬತ್ತಾನೂ ಇದ್ವು. ನಿಂಗೆ ಗೊತ್ತಿರೋದ್ನ ನಿಂಗೇ ಎಂತ ಹೇಳಾದು?’

ನಾನು ತಲೆಗೆ ಕೈ ಹೊತ್ತು ಒಲೆಯ ಮುಂದೆ ಕುಕ್ಕರಿಸಿದೆ. ಎರಡು ತಿಂಗಳು ಗರಗಸಕ್ಕೆ, ಬಿಸಿಲಿಗೆ, ಪರಮಾಣುವಿಗೆ ಕೈಮುಗಿದ ಭೂಪ ನಾನು. ಉಮಾಮಹೇಶ್ವರ ಮಾತ್ರ ನಗಲಿಲ್ಲ. ಅಟ್ಟದ ಮೇಲೆ ಅಂಗೈ ಇಟ್ಟು ಕಾವು ನೋಡಿದರು.

‘ಐವತ್ತರ ಮೇಲಿದೆ’ ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, ‘ಒಟ್ಟು ಎಷ್ಟು ದಿನ ಇಟ್ರಿ ತಾಯಿ? ಅಂದಾಜು ಹೇಳಿ ಸಾಕು.’

‘ಅಂದಾಜು ಎಂತಕ್ಕೆ? ಬರ್ದೀನಲ್ಲ’ ಎಂದಳು ಅಮ್ಮ.

ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ಎಳೆದಳು. ಬಾಗಿಲ ಹಿಂದಿನ ಗೋಡೆಗೆ ಒಂದು ಚಾಪೆಯಷ್ಟು ಅಗಲಕ್ಕೆ ಕೆಮ್ಮಣ್ಣು ಬಳಿದಿತ್ತು. ಅದರ ಮೇಲೆ, ನಮ್ಮ ಹೆಂಗಸರು ಮದುವೆ ಮನೆಯ ಗೋಡೆಗೆ ಚಿತ್ತಾರ ಬರೆಯುವ ಹಾಗೆಯೇ, ಅಕ್ಕಿ ಹಿಟ್ಟಿನಲ್ಲಿ ನಾರಿನ ಕುಂಚ ಅದ್ದಿ ಎಳೆದ ಬಿಳಿ ಗೆರೆಗಳು. ಸಾಲಾಗಿ ನಿಂತ ಉದ್ದನೆಯ ಮನೆಗಳು. ಹತ್ತಿರ ಹೋದರೆ ಅವು ಮನೆಗಳಲ್ಲ, ಕೊಳವೆಗಳು. ಪ್ರತಿ ಕೊಳವೆಯೊಳಗೂ ಒಂದು ಕಡೆ ಸಣ್ಣ ಸಣ್ಣ ಅಡ್ಡಗೆರೆ ತುಂಬಿದ ಜಾಗ. ಒಂದರಲ್ಲಿ ಬುಡದ ಹತ್ತಿರ, ಒಂದರಲ್ಲಿ ನಡುವೆ, ಒಂದರಲ್ಲಿ ಎರಡು ತುಂಡಾಗಿ ಮೇಲೆ.

‘ಹಸ್ರು ಎಲ್ಲಿತ್ತು ಅಂತ ಬರ್ದಿದ್ದು. ದಿನಾ ಬೆಳಿಗ್ಗೆ ನೋಡಿ ಬರೀತಿದ್ದೆ, ಆಮೇಲೆ ಅಟ್ಟಕ್ಕೆ ಇಡ್ತಿದ್ದೆ’ ಎಂದಳು.

ಗೈಡ್ ಬೆರಳಿಟ್ಟು ಎಣಿಸಿದರು. ಮೂವತ್ತೆಂಟು.

ಆಮೇಲೆ ಅವರು ನನ್ನ ಪುಸ್ತಕ ತರಿಸಿ ಅಡುಗೆಮನೆಯಲ್ಲೇ ಮಣೆ ಹಾಕಿಸಿಕೊಂಡು ಕೂತರು. ‘ಇಲ್ನೋಡ್ರಿ. ವಾರದಲ್ಲಿ ತಾಯಿಯವರು ಐದಾರು ಸಲ ಕರಗಿಸಿದಾರೆ. ಭಾನುವಾರ ನೀವು ಅಳೆದಿದೀರಿ. ನಲವತ್ತೊಂದು. ಮುಂದಿನ ವಾರ ಮತ್ತೆ ಅಷ್ಟು ಸಲ, ಮತ್ತೆ ನಲವತ್ತೊಂದು. ಅವರದು ಮೂವತ್ತೆಂಟು, ನಿಮ್ಮದು ಎಂಟು ಭಾನುವಾರ. ನಲವತ್ತು ಸಲ ಮಾಡಿ ಅಂದಿದ್ದೆ, ನಲವತ್ತಾರು ಆಗಿದೆ. ಕೋಷ್ಟಕ ಇಲ್ಲ ಅಂತ ಅಳ್ತಾ ಇದೀರಲ್ಲ, ಇದೇ ಅಲ್ವೇನ್ರೀ ಕೋಷ್ಟಕ?’

ನನಗೆ ಗೊಂದಲ ಹರಿಯುವ ಬದಲು ಇನ್ನೂ ಹೆಚ್ಚಿತು. ನಗಬೇಕೋ, ಅಮ್ಮನ ಕಾಲು ಹಿಡಿಯಬೇಕೋ, ಜಗಳ ಮಾಡಬೇಕೋ ಗೊತ್ತಾಗಲಿಲ್ಲ. ಗೈಡ್ ಆಗಲೇ ಗ್ರಾಫ್ ಹಾಳೆ ಹಿಡಿದು ಗೋಡೆಯ ಚಿತ್ರಗಳನ್ನು ಒಂದೊಂದಾಗಿ ನಕಲು ಮಾಡಲು ನಿಂತಿದ್ದರು. ಬಣ್ಣದ ತುಂಡು ಪ್ರತಿ ಸಲ ಹೊಸ ಜಾಗದಲ್ಲಿ ಹುಟ್ಟುತ್ತದೆ ಎಂಬುದು ತಮಗೂ ಗೊತ್ತು, ಆದರೆ ಒಂದೇ ಕೊಳವೆಯನ್ನು ಮೂವತ್ತೆಂಟು ಸಲ ಹೀಗೆ ಕೂತು ನೋಡಿದವರನ್ನು ಕಾಣೆ ಎಂದರು. ನಾನೂ ದಿನಾ ಬೆಳಿಗ್ಗೆ ಅದೇ ಕೊಳವೆಯನ್ನು ನೋಡಿದ್ದೆ. ‘ಬಣ್ಣ ಇದೆ’ ಎಂದು ಬರೆದಿದ್ದೆ, ಅಷ್ಟೆ. ಎಲ್ಲಿದೆ ಎಂದು ಒಂದು ದಿನವೂ ನೋಡಿರಲಿಲ್ಲ.

‘ಇದನ್ನ ಯಾಕೆ ಬರೆದಿಟ್ರಿ ತಾಯಿ?’ ಎಂದು ಕೇಳಿದರು ಅವರು, ಬರೆಯುತ್ತಲೇ.

ಅಮ್ಮ ಸೆರಗಿನ ತುದಿಯಿಂದ ಗೋಡೆಯ ಒಂದು ಮೂಲೆಯ ಧೂಳು ಒರೆಸಿದಳು.

‘ಅದೇ ಜಾಗಕ್ಕೆ ಬತ್ತವೆ ಅಂದಿದ್ದ ಇವ. ಮೊದಲ್ನೇ ದಿನ ಬುಡದಲ್ಲಿ ಇತ್ತು ಹಸ್ರು, ಗದ್ದೆ ಅಂಚಿನ ಹಾಳಿ ಇದ್ದಂಗೆ, ಚಂದ ಇತ್ತು. ಮತ್ತೆ ಅಲ್ಲಿಗೇ ಬತ್ತದಾ ಅಂತ ಕಾದೆ. ಇವತ್ತು ಬತ್ತದೆ, ನಾಳೆ ಬತ್ತದೆ ಅಂತ. ಬರ್ಲಿಲ್ಲ. ಬಣ್ಣ ಬತ್ತದೆ. ಜಾಗಕ್ಕೆ ಬರಲ್ಲ.’ ಗೈಡಿನ ಕಡೆ ತಿರುಗಿ ಕೇಳಿದಳು: ‘ಬಂದವಾದ್ರೂ ಅವೇಯಾ ಸಾರ್? ಪಕ್ಕದಲ್ಲಿ ಇದ್ದುದೇ ಪಕ್ಕಕ್ಕೆ ಬತ್ತದಾ?’

‘ಇಲ್ಲ ತಾಯಿ’ ಎಂದರು ಉಮಾಮಹೇಶ್ವರ. ‘ಯಾವುದರ ಪಕ್ಕ ಯಾವುದೋ ನಿಲ್ಲತ್ತೆ. ಎಲ್ಲ ಒಂದೇ ಥರ ಇರೋದ್ರಿಂದ ನಮಗೆ ಗೊತ್ತಾಗಲ್ಲ.’

‘ಅವಕ್ಕೆ ಗೊತ್ತಾಗ್ತದೇನೋ’ ಎಂದು ಅಮ್ಮ ತಣ್ಣಗಾದ ಕಾಫಿಯ ಲೋಟ ಎತ್ತಿಕೊಂಡು ಬಿಸಿ ಮಾಡಲು ಹೋದಳು.

ಫೆಬ್ರವರಿಯಲ್ಲಿ ಸಹಿ ಆಯಿತು. ಮಾರ್ಚಿನಲ್ಲಿ ಥೀಸಿಸ್ ಒಪ್ಪಿಸಿದೆ. ಗೋಡೆಯ ಚಿತ್ರಗಳ ನಕಲು ಅದರ ತೊಂಬತ್ತನೇ ಪುಟದಲ್ಲಿದೆ, ಕೆಳಗೆ ದುಗ್ಗಮ್ಮ ಎಂದು ಹೆಸರಿದೆ. ಅದನ್ನು ತೋರಿಸಿದಾಗ ಅಮ್ಮ, ಗೆರೆ ಸೊಟ್ಟ ಬಂದಿದೆ, ನಿನ್ನ ಮೇಷ್ಟ್ರಿಗೆ ಕೈ ಪಳಗಿಲ್ಲ ಎಂದಳು.

ಮೇ ತಿಂಗಳಲ್ಲಿ ಹೂವಪ್ಪ ಮಾವನಿಂದ ಕಾಗದ ಬಂತು. ನೀರು ಚೆನ್ನಾಗಿ ಇಳಿದಿದೆ, ನಮ್ಮ ಬಾವಿಕಟ್ಟೆ ಕಾಣುತ್ತಿದೆ ಎಂದು ಯಾರ ಕೈಯಲ್ಲೋ ಬರೆಸಿದ್ದ. ಈ ಸಲ ನನ್ನ ಹತ್ತಿರ ನೆಪ ಇರಲಿಲ್ಲ. ನಿಜ ಹೇಳುತ್ತೇನೆ, ನೆಪ ಬೇಕಾಗಿಯೂ ಇರಲಿಲ್ಲ. ಆ ಗೋಡೆಯ ಮುಂದೆ ನಿಂತ ದಿನದಿಂದ ನನಗೆ ಒಳಗೊಳಗೇ ನಾಚಿಕೆ ಕೊರೆಯುತ್ತಿತ್ತು. ಕಾಗದ ಹಿಡಿದುಕೊಂಡು ಹಿತ್ತಿಲಿಗೆ ಹೋದೆ.

ಅಮ್ಮ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದಳು. ಪಕ್ಕದಲ್ಲಿ ಅಟ್ಟದಿಂದ ಇಳಿಸಿದ ಗಂಟುಗಳು, ಮೂರೂ ಬಿಚ್ಚಿದ್ದವು. ಬೇಲಿಯ ಉದ್ದಕ್ಕೂ ಗುಳಿ ತೋಡಿ ಸೌತೆ ಬೀಜ ಹಾಕಿ ಆಗಿತ್ತು. ಒಂದು ಬಳ್ಳಿಗಲ್ಲ, ಇದ್ದದ್ದಷ್ಟನ್ನೂ.

‘ಅಮ್ಮ, ನಾಳೆ ಮೊದಲ್ನೇ ಬಸ್ಸಿಗೆ ಹೊರಡಾಣ. ಥೀಸಿಸ್ ಮುಗೀತಲ್ಲ. ಊರು ನೋಡ್ಕಂಡು, ಬೇಕಾದ್ರೆ ನೀ ಅಲ್ಲೇ ಇರೂವಂತೆ.’

‘ಬೇಡ ಮಗ’ ಎಂದಳು, ತಲೆ ಎತ್ತದೆ. ‘ನೋಡ್ದೆ ಅಲ್ವ, ಮೂವತ್ತೆಂಟು ದಿನ.’

‘ಅಯ್ಯೋ, ಅವು ಪ್ಲಾಸ್ಟಿಕ್ ಗುಂಡು ಅಮ್ಮ! ಅದಕ್ಕೂ ನಮಗೂ ಎಂತ ಸಂಬಂಧ?’

‘ಗೊತ್ತು’ ಎಂದಳು ಅಮ್ಮ. ಅವರೆ ಬೀಜದ ಕೊನೆಯ ಹಿಡಿಯನ್ನು ಗುಳಿಗೆ ಸುರಿದು, ಅಂಗೈಯಿಂದ ಮಣ್ಣು ಮುಚ್ಚಿ ಮೆಲ್ಲಗೆ ತಟ್ಟಿದಳು. ‘ಇಲ್ಲೇ ಬರ್ಲಿ ಇವು. ಒಂದು ಕೊಡ ನೀರು ತಗಂಬಾ.’

ಅದೇ ಜಾಗಕ್ಕೆ ಎಂದು ನಾನು ಹೇಳದೆ ಇದ್ದಿದ್ದರೆ ಅವಳು ಪರೀಕ್ಷೆ ಮಾಡಿ ನೋಡುತ್ತಿರಲಿಲ್ಲ. ನನಗೆ ಅಳು ಬಂತು. ಕಾಗದವನ್ನು ಜೇಬಿಗೆ ತುರುಕಿಕೊಂಡು ಬಾವಿಯ ಕಡೆ ಹೋದೆ.